ಕಿಟ್‌ನಲ್ಲಿ ಹಳದಿ, ಕೊಳದಲ್ಲಿ ಹಸಿರು: ದ್ರವ ಕ್ಲೋರಿನ್‌ಗೆ ಬದಲಾದ ಒಂದು ಈಜುಕೊಳದ ಪ್ರಕರಣ ಅಧ್ಯಯನ

ಹಿನ್ನೆಲೆ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಈಜುಕೊಳದಲ್ಲಿ 2024ರ ಫೆಬ್ರುವರಿಯಿಂದ ಜುಲೈವರೆಗೆ ನಡೆದುದನ್ನು ಇಲ್ಲಿ ದಾಖಲಿಸಿದ್ದೇನೆ. ಸಮುಚ್ಚಯದ ಹೆಸರಾಗಲಿ ಅಲ್ಲಿನವರ ಹೆಸರಾಗಲಿ ಇದರಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನೀರು ಶುದ್ಧೀಕರಣದ ಕೆಲಸದಲ್ಲಿರುವ ನನ್ನನ್ನು ಮಾಲೀಕರ ಸಂಘದವರು ಮಾರ್ಚ್ ಮೊದಲ ವಾರದಲ್ಲಿ ಕರೆಸಿದರು. ಮುಂದೆ ನಡೆದ ಒಂದು ಅವಘಡದಲ್ಲಿ ನನ್ನ ಪಾಲೂ ಇದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ್ದು; ಅಂದರೆ 1,08,000 ಲೀಟರ್ ನೀರು. ಸ್ಯಾಂಡ್ ಫಿಲ್ಟರ್ ಮತ್ತು ಪಂಪು ಕೊಳದ ಪಕ್ಕದಲ್ಲೇ ಎಂಟು ಮೆಟ್ಟಿಲು ಕೆಳಗಿನ ಒಂದು ಸಣ್ಣ ಕೋಣೆಯಲ್ಲಿದ್ದವು. 2023ರ ಜನವರಿಯಲ್ಲಿ ಕೊಳವನ್ನು ಪೂರ್ತಿ ಖಾಲಿ ಮಾಡಿ, ಟೈಲ್ಸ್ ಉಜ್ಜಿ, ಬೋರ್‌ವೆಲ್ ನೀರು ತುಂಬಿಸಿದ್ದರು. ಅಲ್ಲಿಂದ ಮುಂದೆ ಸೋಂಕು ನಿವಾರಣೆಗೆ ಬಳಸಿದ್ದು ಪೂಲಿನವರು ಟಿಸಿಸಿಎ ಎಂದು ಕರೆಯುವ ಬಿಳಿ ಕ್ಲೋರಿನ್ ಮಾತ್ರೆಗಳನ್ನು ಮಾತ್ರ. ವಾರಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಖರ್ಚಾಗುತ್ತಿತ್ತು. ತೇಲುವ ಡಬ್ಬಿಗೆ ಮಾತ್ರೆ ತುಂಬಿ ಬಿಟ್ಟರೆ ನಾಲ್ಕು ದಿನ ಅದರ ಕಡೆ ನೋಡಬೇಕಾಗಿರಲಿಲ್ಲ. ಒಬ್ಬನೇ ಆಪರೇಟರ್ ಕೊಳ, ಬೋರ್‌ವೆಲ್, ಜನರೇಟರ್ ಎಲ್ಲವನ್ನೂ ನೋಡಿಕೊಳ್ಳುವ ಕಡೆ ಇದು ದೊಡ್ಡ ಅನುಕೂಲ.

ಸಮಸ್ಯೆ

ಫೆಬ್ರುವರಿ ಕೊನೆಯಲ್ಲಿ ಮಕ್ಕಳ ಕಣ್ಣು ಉರಿ, ನೀರಿನಿಂದ ಘಾಟು ವಾಸನೆ ಎಂಬ ದೂರುಗಳು ಬಂದವು. ವಾಸನೆ ಬರುತ್ತಿದೆಯೆಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದು ಭಾವಿಸಿದ ಸಮಿತಿ, ಎರಡು ದಿನ ಮಾತ್ರೆ ನಿಲ್ಲಿಸುವಂತೆ ಹೇಳಿತು. ಮೂರನೆಯ ದಿನ ಬೆಳಿಗ್ಗೆ ನೀರು ಮಬ್ಬಾಗಿತ್ತು. ಐದನೆಯ ದಿನ ಮೆಟ್ಟಿಲ ಮೂಲೆಗಳಲ್ಲಿ ಪಾಚಿಯ ಹಸಿರು ಲೋಳೆ ಕಾಲಿಗೆ ತಾಗುತ್ತಿತ್ತು. ಗಾಬರಿಯಾದ ಆಪರೇಟರ್ ಮತ್ತೆ ಎರಡು ಕಿಲೋ ಟಿಸಿಸಿಎ ಪುಡಿ ಸುರಿದ. ಹಸಿರು ಹೋಗಲಿಲ್ಲ.

ನಾನು ಹೋದ ದಿನ ಆತ ಪರೀಕ್ಷೆಯ ಕೊಳವೆಯನ್ನು ಬಿಸಿಲಿಗೆ ಹಿಡಿದು, "ಕ್ಲೋರಿನ್ ಐತಿ ಸಾರ್, ನೋಡ್ರಿ, ಎಷ್ಟು ಹಳದಿ ಬಂದೈತಿ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅವನ ಕೈಯಲ್ಲಿದ್ದುದು ಓಟಿಓ ಕಿಟ್. ಅದು ನೀರಿನಲ್ಲಿರುವ ಒಟ್ಟು ಕ್ಲೋರಿನ್ನನ್ನು ಹಳದಿಯಾಗಿ ತೋರಿಸುತ್ತದೆ. ಬೆವರು, ಮೂತ್ರ, ಸೋಪಿನ ಸಾರಜನಕದೊಂದಿಗೆ ಸೇರಿ ಬಹುಮಟ್ಟಿಗೆ ನಿಷ್ಕ್ರಿಯವಾದ ಕ್ಲೋರಮೈನನ್ನೂ ಅದು ಅದೇ ಹಳದಿಯಲ್ಲಿ ಎಣಿಸುತ್ತದೆ. ಕಣ್ಣು ಉರಿಸುವುದು, ಘಾಟು ಹುಟ್ಟಿಸುವುದು ಮುಖ್ಯವಾಗಿ ಈ ಕ್ಲೋರಮೈನೇ. ಹಾಗಾಗಿ ವಾಸನೆ ಬಂದಾಗ ಬೇಕಿದ್ದುದು ಹೆಚ್ಚು ಕ್ಲೋರಿನ್; ಸಮಿತಿ ಮಾಡಿದ್ದು ಅದಕ್ಕೆ ವಿರುದ್ಧವಾದುದು. ಇದು ಮೊದಲ ತಪ್ಪು ತಿರುವು.

ನಾನು ತಂದಿದ್ದ, ನೀರಿಗೆ ಗುಲಾಬಿ ಬಣ್ಣ ಕೊಟ್ಟು ಎರಡನ್ನೂ ಬೇರೆಬೇರೆಯಾಗಿ ತೋರಿಸುವ ಡಿಪಿಡಿ ಪರೀಕ್ಷಾ ಮಾತ್ರೆಗಳಲ್ಲಿ ನೋಡಿದಾಗ ಮುಕ್ತ ಕ್ಲೋರಿನ್, ಅಂದರೆ ಕ್ಲೋರಮೈನ್ ಆಗದೆ ಉಳಿದದ್ದು, 3.0 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಒಟ್ಟು ಕ್ಲೋರಿನ್ 3.8 ಬಂತು. 0.8ರ ವ್ಯತ್ಯಾಸ ಕಣ್ಣುರಿಗೆ ಸಾಕು. ಆದರೆ ಮುಕ್ತ ಕ್ಲೋರಿನ್ 3 ಇದ್ದು, ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2 ಇದ್ದು, ಪಾಚಿ ಬೆಳೆಯುವುದು ಹೇಗೆ? ಪಿಎಚ್ 7.2ರಲ್ಲಿ ಮುಕ್ತ ಕ್ಲೋರಿನ್ನಿನ ಮೂರರಲ್ಲಿ ಎರಡು ಪಾಲು ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿ, ಎಂದರೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರೂಪದಲ್ಲಿ ಇರಬೇಕು. ಪಿಎಚ್ 8ಕ್ಕೆ ಏರಿದರೆ ಅದು ಕಾಲು ಪಾಲಿಗೆ ಇಳಿಯುತ್ತದೆ, ನಿಜ. ಇಲ್ಲಿ ಪಿಎಚ್ ಏರಿರಲಿಲ್ಲ. ಉಳಿದ ಶಂಕೆ ಒಂದೇ: ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಮ್ಲ.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪ್ರಕರಣದ ಬೇರು ಇಲ್ಲಿದೆ. ಟಿಸಿಸಿಎ ಮಾತ್ರೆಯಲ್ಲಿ ಕ್ಲೋರಿನ್ ಸಯನ್ಯೂರಿಕ್ ಆಮ್ಲಕ್ಕೆ ಅಂಟಿಕೊಂಡೇ ಬರುತ್ತದೆ. ಮಾತ್ರೆ ನೀರಿಗೆ 10 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲವನ್ನೂ ಬಿಟ್ಟುಹೋಗುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಬಹುಪಾಲು ಉಳಿಯುತ್ತದೆ. ಅದು ಬಿಸಿಲಿಗೆ ಆರುವುದಿಲ್ಲ, ಸ್ಯಾಂಡ್ ಫಿಲ್ಟರಿಗೆ ಸಿಗುವುದಿಲ್ಲ. ಅಲ್ಪ ಪ್ರಮಾಣದಲ್ಲಿ ಅದು ಉಪಕಾರಿಯೇ, ಏಕೆಂದರೆ ಅದರ ರಕ್ಷಣೆಯಿಲ್ಲದ ಕ್ಲೋರಿನ್ನಿನ ಬಹುಭಾಗವನ್ನು ನಮ್ಮ ಮಧ್ಯಾಹ್ನದ ಬಿಸಿಲು ಒಂದೆರಡು ಗಂಟೆಗಳಲ್ಲೇ ಒಡೆದುಹಾಕುತ್ತದೆ. ಆದರೆ ಪ್ರಮಾಣ ಏರಿದಂತೆ ಅದು ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಿಪಿಡಿ ಪರೀಕ್ಷೆಯೂ ಹೀಗೆ ಸೆರೆಯಾದ ಕ್ಲೋರಿನ್ನನ್ನು ಎಳೆದುಕೊಂಡು "ಮುಕ್ತ" ಎಂದೇ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಜುಕೊಳ ಮಾರ್ಗಸೂಚಿ ಸಯನ್ಯೂರಿಕ್ ಆಮ್ಲ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಈ ಕೊಳದ ಗಾತ್ರಕ್ಕೆ ಒಂದು ಕಿಲೋ ಮಾತ್ರೆ 5 ಪಿಪಿಎಂ ಆಮ್ಲ ಸೇರಿಸುತ್ತದೆ. ಹದಿನಾಲ್ಕು ತಿಂಗಳಲ್ಲಿ ಹೋದದ್ದು ಅರವತ್ತು ಕಿಲೋ. ಬ್ಯಾಕ್‌ವಾಷ್‌ನಲ್ಲಿ, ಅಂದರೆ ಫಿಲ್ಟರ್ ತೊಳೆಯುವಾಗ, ಹರಿದುಹೋದ ನೀರಿನಿಂದ ಒಂದಿಷ್ಟು ಇಳಿದಿತ್ತೇ ಹೊರತು ಬೇರೆ ದಾರಿಯಿರಲಿಲ್ಲ. ಸಯನ್ಯೂರಿಕ್ ಆಮ್ಲದ ಪರೀಕ್ಷೆಯಲ್ಲಿ ನೀರು ಹಾಲಿನಂತಾಗಿ ಕೊಳವೆಯ ತಳದ ಕಪ್ಪು ಚುಕ್ಕೆ ಮರೆಯಾಗುವ ಮಟ್ಟವನ್ನು ಓದಬೇಕು. ಇಲ್ಲಿ ಚುಕ್ಕೆ ಅಳತೆಯ ಮೊದಲ ಗೆರೆಗೂ ಮುಂಚೆಯೇ ಮರೆಯಾಯಿತು. ಮಾದರಿಗೆ ಅಷ್ಟೇ ಪ್ರಮಾಣದ ಶುದ್ಧ ನೀರು ಬೆರೆಸಿ ಮತ್ತೆ ಮಾಡಿದಾಗ 90 ಬಂತು. ನಿಜವಾದ ಮಟ್ಟ 180.

ಮೊದಲ ನಿರ್ಧಾರ: ನೀರು ಬದಲಿಸುವುದೋ, ಬೇಡವೋ

ಸಯನ್ಯೂರಿಕ್ ಆಮ್ಲವನ್ನು ಇಳಿಸಲು ನಮ್ಮಲ್ಲಿ ಕೈಗೆಟಕುವ ಉಪಾಯ ಒಂದೇ: ಹಳೆಯ ನೀರು ತೆಗೆದು ಹೊಸ ನೀರು ತುಂಬುವುದು. ಅರ್ಧ ಕೊಳವೆಂದರೂ 6,000 ಲೀಟರಿನ ಒಂಬತ್ತು ಟ್ಯಾಂಕರ್. ಆದರೆ ಅದು 2024ರ ಮಾರ್ಚ್. ನಗರದ ಬೋರ್‌ವೆಲ್‌ಗಳು ಒಣಗುತ್ತಿದ್ದವು, ಆ ಸಮುಚ್ಚಯದಲ್ಲೇ ಮನೆಬಳಕೆಯ ನೀರಿಗೆ ಸಮಯ ನಿಗದಿ ಮಾಡಿದ್ದರು. ಅದೇ ತಿಂಗಳು ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ಸಮಿತಿಯಲ್ಲಿ ಒಬ್ಬರು "ದಂಡ ಕಟ್ಟಿಬಿಡೋಣ, ಟ್ಯಾಂಕರ್ ಬಿಲ್ಲಿನ ಮುಂದೆ ಅದೇನು ಮಹಾ" ಎಂದರು. ಕಾರ್ಯದರ್ಶಿ ಒಪ್ಪಲಿಲ್ಲ. ಅಕ್ಕಪಕ್ಕದ ಓಣಿಗಳಲ್ಲಿ ಜನ ಕೊಡ ಹಿಡಿದು ನಿಂತಿರುವಾಗ ಕೊಳಕ್ಕೆ ನೀರು ಸುರಿಯುವುದು ಸಲ್ಲ ಎಂಬ ಅವರ ಮಾತೇ ಕೊನೆಗೆ ನಿಂತಿತು. ಕೊಳವನ್ನು ಮಳೆಗಾಲದವರೆಗೆ ಮುಚ್ಚಲಾಯಿತು.

ಮುಚ್ಚಿದ ಕೊಳವನ್ನು ಹಾಗೇ ಬಿಡಲು ಬರುವುದಿಲ್ಲ. ಕ್ಲೋರಿನ್ ಇಲ್ಲದ ನಿಂತ ನೀರು ಸೊಳ್ಳೆಯ ತೊಟ್ಟಿಲಾಗುತ್ತದೆ. ಹಾಗೆಂದು ಮಾತ್ರೆ ಹಾಕುತ್ತಾ ಹೋದರೆ ಆಮ್ಲ ಇನ್ನೂ ಏರುತ್ತದೆ. ಆಮ್ಲ ಸೇರಿಸದೆ ಕ್ಲೋರಿನ್ ಕೊಡುವ ಅಗ್ಗದ ಪದಾರ್ಥ ದ್ರವ ಕ್ಲೋರಿನ್. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು: ಕಾರ್ಖಾನೆಗಳವರು ದ್ರವ ಕ್ಲೋರಿನ್ ಎಂದಾಗ ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿ ದ್ರವವಾದ ಅನಿಲವನ್ನು ಹೇಳುತ್ತಾರೆ; ಪೂಲಿನವರು ಹೇಳುವುದು ಕ್ಯಾನಿನಲ್ಲಿ ಬರುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು, ಅಂದರೆ "ಹೈಪೋ"ವನ್ನು. ಈ ಬರಹದಲ್ಲಿ ಉದ್ದಕ್ಕೂ ಅದೇ ಅರ್ಥ.

ಹೈಪೋವಿನ ಪ್ರಬಲತೆ ಶೇ 10 ಎಂದು ಹಿಡಿದರೆ ಲೀಟರಿಗೆ 100 ಗ್ರಾಂ ಕ್ಲೋರಿನ್. ಈ ಕೊಳಕ್ಕೆ ಒಂದು ಲೀಟರ್ ಹಾಕಿದರೆ ಹೆಚ್ಚುಕಡಿಮೆ 1 ಪಿಪಿಎಂ ಏರುತ್ತದೆ. ಆಪರೇಟರಿಗೆ ಇಷ್ಟು ಸುಲಭವಾಗಿ ನೆನಪಿಡಬಹುದಾದ ಲೆಕ್ಕ ಮಾತ್ರೆಯಲ್ಲಿ ಇರಲಿಲ್ಲ. ಪಾಚಿಯನ್ನು ಹಿಡಿತದಲ್ಲಿಡಲು ಮುಕ್ತ ಕ್ಲೋರಿನ್ ಸ್ಟೆಬಿಲೈಸರ್ ಮಟ್ಟದ ಶೇ 7ರಿಂದ 8ರಷ್ಟಿರಬೇಕು ಎಂಬುದು ಕೊಳ ನೋಡಿಕೊಳ್ಳುವವರ ರೂಢಿಯ ಲೆಕ್ಕ. 180ಕ್ಕೆ ಅದು 13ರ ಮೇಲಾಗುತ್ತದೆ. ಈಜುವವರಿದ್ದರೆ ನಾನು ಆ ಮಟ್ಟಕ್ಕೆ ಒಪ್ಪುತ್ತಿರಲಿಲ್ಲ; ಕೊಳ ಮುಚ್ಚಿದ್ದರಿಂದ, ಮೇಲೆ ಟಾರ್ಪಾಲು ಹಾಸಿ ಬಿಸಿಲು ತಡೆದಿದ್ದರಿಂದ ಒಪ್ಪಿದೆ. ಏಪ್ರಿಲ್ ಮೊದಲ ವಾರ ಮೂರು ರಾತ್ರಿಗಳಲ್ಲಿ ಒಟ್ಟು 45 ಲೀಟರ್ ಹಾಕಿ, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ, ಪಂಪನ್ನು ನಿಲ್ಲಿಸದೆ ಓಡಿಸಿದ ಮೇಲೆ ಹಸಿರು ಬೂದಿಬಣ್ಣಕ್ಕೆ ತಿರುಗಿ, ನಾಲ್ಕನೆಯ ದಿನ ತಳದ ಟೈಲ್ಸಿನ ಗೆರೆ ಕಾಣಿಸಿತು.

ಮಾತ್ರೆಯದು ಉದ್ರಿ ಲೆಕ್ಕ, ಹೈಪೋದು ರೊಕ್ಕದ ಲೆಕ್ಕ. ಮಾತ್ರೆ ವರ್ಷಗಟ್ಟಲೆ ಏನೂ ಕೇಳದೆ ಸಾಲ ಬೆಳೆಸುತ್ತದೆ; ಹೈಪೋ ದಿನದಿನವೂ ನಮ್ಮ ಗಮನ ಕೇಳುತ್ತದೆ. ಈ ಎರಡನೆಯ ಮಾತನ್ನು ನಾನು ಸಮಿತಿಗೆ ಬಾಯಿಮಾತಿನಲ್ಲಿ ಹೇಳಿದ್ದೆನೇ ಹೊರತು ಪಂಪ್ ರೂಮಿಗೆ ಇಳಿದು ನೋಡಿರಲಿಲ್ಲ.

ಅವಘಡ

ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ. ಹೈಪೋ ಹಾಕತೊಡಗಿದ ಮೇಲೆ ಪಿಎಚ್ 7.8 ದಾಟಿದ್ದರಿಂದ ಆಪರೇಟರ್ ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬಂದಿದ್ದ. ಪೂಲಿನವರ ಬಾಯಲ್ಲಿ ಅದು ಬರೀ "ಆಸಿಡ್". ಆಸಿಡ್ ಮತ್ತು ಹೈಪೋ ಎರಡೂ ಒಂದೇ ಆಕಾರದ, ಒಂದೇ ನೀಲಿಯ 35 ಲೀಟರಿನ ಕ್ಯಾನುಗಳಲ್ಲಿ ಪಂಪಿನ ಪಕ್ಕ ಸಾಲಾಗಿದ್ದವು. ಅಂಟಿಸಿದ್ದ ಚೀಟಿಗಳು ಇಂಗ್ಲಿಷಿನಲ್ಲಿದ್ದವು, ಅದರಲ್ಲೂ ಅರ್ಧ ನೆನೆದು ಕಿತ್ತುಹೋಗಿದ್ದವು. ಉತ್ತರ ಕರ್ನಾಟಕದಿಂದ ಬಂದ ಆ ಹುಡುಗ ಕನ್ನಡವನ್ನು ಚೆನ್ನಾಗಿ ಓದುತ್ತಿದ್ದ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದ. ಆದರೆ ಅಂದು ಆತ ಕ್ಯಾನನ್ನು ತಪ್ಪಾಗಿ ಗುರುತಿಸಲಿಲ್ಲ. ಹೈಪೋ ಕ್ಯಾನನ್ನೇ ಬಗ್ಗಿಸಿದ. ಬಕೆಟ್ ಮಾತ್ರ ಬೆಳಿಗ್ಗೆ ಆಸಿಡ್ ಒಯ್ದದ್ದೇ. ತಳದಲ್ಲಿ ಬೆರಳ ದಪ್ಪ ಉಳಿದಿತ್ತು.

ಹೈಪೋವಿಗೆ ಆಮ್ಲ ಸೇರಿದ ಕೂಡಲೇ ಕ್ಲೋರಿನ್ ಅನಿಲ ಏಳುತ್ತದೆ. ಬಕೆಟ್ಟಿನಿಂದ ಹಳದಿ ಮಿಶ್ರಿತ ಹಸಿರು ಹೊಗೆ ಎದ್ದು ಮೊಣಕಾಲ ಮಟ್ಟದಲ್ಲಿ ಹರಡಿತೆಂದು ಆತ ಆಮೇಲೆ ಹೇಳಿದ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಎಂಟು ಮೆಟ್ಟಿಲು ಕೆಳಗಿನ, ಒಂದೇ ಬಾಗಿಲಿನ ಕೋಣೆಯಿಂದ ಅದು ತಾನಾಗಿ ಹೊರಹೋಗುವುದಿಲ್ಲ. ಆತ ಬಕೆಟ್ ಬಿಟ್ಟು ಮೆಟ್ಟಿಲು ಹತ್ತಿ ಹುಲ್ಲಿನ ಮೇಲೆ ಕುಸಿದ. ಕೆಮ್ಮು ಕೇಳಿ ಓಡಿ ಬಂದ ಮಾಲಿ, ಒಳಗೆ ಇನ್ನೂ ಯಾರಾದರೂ ಇರಬಹುದೆಂದು ಇಳಿಯಹೋದರು. ಗೇಟಿನ ವಯಸ್ಸಾದ ಗಾರ್ಡ್ ಅವರ ತೋಳು ಹಿಡಿದು, "ಇಳೀಬೇಡಿ ಅಣ್ಣ, ಮೊದಲು ಇವನನ್ನ ಆ ಕಡೆ ಎತ್ತಿ" ಎಂದರು. ಇಡೀ ಪ್ರಕರಣದ ಅತ್ಯುತ್ತಮ ನಿರ್ಧಾರ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮುಚ್ಚಿದ ಕೋಣೆಗಳ ಅನಿಲ ಅವಘಡಗಳಲ್ಲಿ ಎರಡನೆಯ ಜೀವ ಹೋಗುವುದು ಹೀಗೆ ಇಳಿಯುವುದರಿಂದಲೇ.

ಗಾಳಿ ಬರುವ ದಿಕ್ಕಿಗೆ ಒಯ್ದು, ಬಟ್ಟೆ ಸಡಿಲಿಸಿ, ಹತ್ತು ನಿಮಿಷದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಒಂದು ಗಂಟೆಯಲ್ಲಿ ಕೆಮ್ಮು ಇಳಿದಾಗ ಆತ ಮನೆಗೆ ಹೊರಟು ನಿಂತಿದ್ದ, ವೈದ್ಯರು ಬಿಡಲಿಲ್ಲ. ಕ್ಲೋರಿನ್ ಎಳೆದುಕೊಂಡ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವೊಮ್ಮೆ ಗಂಟೆಗಳ ನಂತರ ಶುರುವಾಗುತ್ತದೆ. ಒಂದು ರಾತ್ರಿ ಆಮ್ಲಜನಕ ಕೊಟ್ಟು ನಿಗಾದಲ್ಲಿಟ್ಟು ಮರುದಿನ ಕಳಿಸಿದರು. ಆತ ಪೂರ್ತಿ ಚೇತರಿಸಿಕೊಂಡ.

ಮರುದಿನದ ಸಭೆಯಲ್ಲಿ ಹೆಚ್ಚಿನವರು ಮಾತ್ರೆಗೇ ಮರಳೋಣ ಎಂದರು. ನಾನು ಎರಡು ಮಾತು ಹೇಳಬೇಕಾಯಿತು. ಒಂದು, ಮಾತ್ರೆ ನಿರುಪದ್ರವಿಯಲ್ಲ. ಟಿಸಿಸಿಎ ಮತ್ತು ಹೈಪೋ ಪರಸ್ಪರ ಬೆರೆತರೆ ಸ್ಫೋಟಕ ಅನಿಲ ಹುಟ್ಟಬಹುದು, ಮಾತ್ರೆಯ ಡಬ್ಬ ಆ ಕೋಣೆಯಲ್ಲೇ ಇತ್ತು. ಇನ್ನೊಂದು, ಆಸಿಡ್ ಉಳಿದಿದ್ದ ಬಕೆಟ್ಟಿಗೇ ಹೈಪೋ ಬಿದ್ದದ್ದು ಹುಡುಗನ ತಪ್ಪಿಗಿಂತ ಹೆಚ್ಚಾಗಿ ನಮ್ಮ ತಪ್ಪು: ಎರಡು ವೈರಿ ಪದಾರ್ಥಗಳಿಗೆ ಒಂದೇ ಕೋಣೆ, ಒಂದೇ ಬಕೆಟ್ ಕೊಟ್ಟು, ಎಚ್ಚರವನ್ನು ಮಾತ್ರ ಅವನ ತಲೆಗೆ ಕಟ್ಟಿದ್ದೆವು. ಹೈಪೋ ಸೂಚಿಸಿದವನು ನಾನು. ಎಲ್ಲಿ ಇಡುತ್ತೀರಿ ಎಂದು ಕೇಳದವನೂ ನಾನು.

ಬದಲಾವಣೆಗಳು ಸರಳವಾಗಿದ್ದವು. ಆಸಿಡ್ ಜನರೇಟರ್ ಕೋಣೆಯ ಹಿಂದಿನ ಕಂಬಿಯ ಪಂಜರಕ್ಕೆ ಹೋಯಿತು, ಕೆಂಪು ಬಕೆಟ್ಟನ್ನು ಅಲ್ಲೇ ಸರಪಳಿಯಿಂದ ಕಟ್ಟಲಾಯಿತು. ಹೈಪೋವಿಗೆ ಬಕೆಟ್ಟೇ ಬೇಡವೆಂದಾಯಿತು. ಅಳತೆಯ ಜಗ್ಗಿನಿಂದ ನೇರವಾಗಿ, ಪಂಪ್ ಓಡುತ್ತಿರುವಾಗ, ನೀರು ಹಿಂತಿರುಗುವ ಬಾಯಿಗಳ ಮುಂದೆ ನಡೆಯುತ್ತಾ ಸುರಿಯುವುದು. ಆಸಿಡ್ ಬೆಳಿಗ್ಗೆ, ಹೈಪೋ ಸಂಜೆ. ಕ್ಯಾನುಗಳ ಮೇಲಿನ ಕನ್ನಡ ಚೀಟಿಗಳನ್ನು ಆಪರೇಟರ್ ತಾನೇ ಬರೆದ. ಆಸಿಡ್ ಕ್ಯಾನಿನ ಮೇಲೆ ಹೆಸರಿನ ಕೆಳಗೆ "ಇದು ಒಂಟಿಯಾಗಿರಲಿ" ಎಂದು ಸೇರಿಸಿದ್ದ. ಯಾರೂ ಅದನ್ನು ತಿದ್ದಲಿಲ್ಲ.

ಕ್ಯಾನಿನಲ್ಲೇ ಸತ್ತ ಕ್ಲೋರಿನ್

ಮೇ ತಿಂಗಳಲ್ಲಿ ಮತ್ತೊಂದು ತೊಡಕು. ಅಷ್ಟೇ ಲೀಟರ್ ಹಾಕಿದರೂ ಮಟ್ಟ ಏರುತ್ತಿರಲಿಲ್ಲ. ಅದಕ್ಕೂ ಮುಂಚೆ ಒಂದು ಸಂಜೆ ಇದಕ್ಕೆ ವ್ಯತಿರಿಕ್ತವಾದದ್ದೂ ಆಗಿತ್ತು: ಡಿಪಿಡಿ ಕೊಳವೆಯಲ್ಲಿ ಬಣ್ಣವೇ ಬರಲಿಲ್ಲವೆಂದು ಆಪರೇಟರ್ ಇನ್ನೂ ಐದು ಲೀಟರ್ ಹಾಕಿದ್ದ. ವಾಸ್ತವವಾಗಿ ಕ್ಲೋರಿನ್ ತೀರಾ ಹೆಚ್ಚಾಗಿದ್ದಾಗ ಅದು ಆ ಗುಲಾಬಿ ಬಣ್ಣವನ್ನೇ ಬಿಳುಪಾಗಿಸುತ್ತದೆ. ಡಿಪಿಡಿ ಮಾತ್ರೆ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಅದು ಸೊನ್ನೆಯಲ್ಲ. ಮಾದರಿಗೆ ನಾಲ್ಕು ಪಟ್ಟು ಶುದ್ಧ ನೀರು ಬೆರೆಸಿ ಓದಿ ಐದರಿಂದ ಗುಣಿಸುವುದನ್ನು ಆಮೇಲೆ ರೂಢಿ ಮಾಡಿಸಿದೆವು. ಹಾಗಾಗಿ ಈ ಬಾರಿ ಪರೀಕ್ಷೆಯ ಮೇಲೆ ಅನುಮಾನವಿರಲಿಲ್ಲ; ಅನುಮಾನ ಕ್ಯಾನಿನ ಮೇಲೆ ಹೋಯಿತು.

ರಿಯಾಯಿತಿ ಸಿಗುತ್ತದೆಂದು ಸಮಿತಿ ಏಪ್ರಿಲ್‌ನಲ್ಲಿ ಇಪ್ಪತ್ತು ಕ್ಯಾನು, ಅಂದರೆ 700 ಲೀಟರ್ ಹೈಪೋ ಕೊಂಡಿತ್ತು. ಇಂಥ ಕೊಳಕ್ಕೆ ತಿಂಗಳಿಗೆ ಬೇಕಾಗುವುದು ಎರಡು ಮೂರು ಕ್ಯಾನು. ಹೈಪೋ ಅಕ್ಕಿಯಂತೆ ಕೂಡಿಡುವ ಪದಾರ್ಥವಲ್ಲ. ಇಟ್ಟಲ್ಲೇ ಅದು ಕ್ಲೋರೇಟ್ ಮತ್ತು ಉಪ್ಪಾಗಿ ಒಡೆಯುತ್ತಾ ಹೋಗುತ್ತದೆ, ಬಿಸಿ ಮತ್ತು ಬೆಳಕು ಹೆಚ್ಚಿದಷ್ಟೂ ಬೇಗ. ಪಂಪಿನ ಶಾಖವೂ ಸೇರಿದ ಆ ಕೋಣೆ ಏಪ್ರಿಲ್‌ನಲ್ಲಿ ಒಲೆಯಂತಿತ್ತು. ಪ್ರಬಲತೆ ನೋಡಲು ಪ್ರಯೋಗಾಲಯ ಬೇಕಿಲ್ಲ. 10 ಮಿ.ಲೀ. ಹೈಪೋವನ್ನು ಶುದ್ಧ ನೀರು ಬೆರೆಸಿ ಒಂದು ಲೀಟರ್ ಮಾಡಿ, ಅದರಲ್ಲಿ 4 ಮಿ.ಲೀ. ತೆಗೆದು ಮತ್ತೊಂದು ಲೀಟರ್ ಶುದ್ಧ ನೀರಿಗೆ ಹಾಕಿದರೆ, ಶೇ 10ರ ಹೈಪೋ ಡಿಪಿಡಿಯಲ್ಲಿ 4 ತೋರಿಸಬೇಕು. ನಲ್ಲಿ ನೀರಿನಲ್ಲಿ ಮಾಡಿದರೆ ಆ ನೀರೇ ಕ್ಲೋರಿನ್ ತಿಂದು ಲೆಕ್ಕ ಕೆಡುತ್ತದೆ. ನಮ್ಮ ಕ್ಯಾನು 2.2 ತೋರಿಸಿತು. ಆರು ವಾರದಲ್ಲಿ ಅದು ಶೇ 5.5ಕ್ಕೆ ಇಳಿದಿತ್ತು. ರಿಯಾಯಿತಿಯ ಲಾಭ ಅಲ್ಲಿಗೆ ಮುಗಿಯಿತು.

ಉಳಿದ ಕ್ಯಾನುಗಳನ್ನು ಗಾಳಿ ಬಿಡುವ ಮುಚ್ಚಳದೊಂದಿಗೆ ನೆರಳಿನ ಶೆಡ್ಡಿಗೆ ಸಾಗಿಸಿ, ಮುಂದೆ ಮೂರು ಕ್ಯಾನಿಗಿಂತ ಹೆಚ್ಚು ಕೊಳ್ಳಬಾರದೆಂದು, ತಯಾರಿಸಿದ ದಿನಾಂಕವಿಲ್ಲದ ಕ್ಯಾನನ್ನು ಗೇಟಿನಿಂದಲೇ ವಾಪಸು ಕಳಿಸಬೇಕೆಂದು ತೀರ್ಮಾನವಾಯಿತು. ಬಂದ ದಿನವೇ ಅಷ್ಟೇ ಮೆದು ನೀರು ಬೆರೆಸಿಟ್ಟರೆ ಅದು ಬಹಳ ನಿಧಾನವಾಗಿ ಕೆಡುತ್ತದೆ. ಬೋರ್‌ವೆಲ್‌ನ ಗಡಸು ನೀರು ಬೆರೆಸಿದರೆ ಮಾತ್ರ ತಳದಲ್ಲಿ ಸುಣ್ಣದಂಥ ಬಿಳಿ ಗಸಿ ಕೂರುತ್ತದೆ.

ಮಳೆ

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿಯಿತು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು. ಸಮುಚ್ಚಯದ ತಾರಸಿಯ ನೀರು ಬಂದು ಬೀಳುವ ಸಂಪು ರಾತ್ರಿಯೇ ತುಂಬಿತು. ಅಷ್ಟರಲ್ಲಿ ಕೊಳಕ್ಕೆ ಹೈಪೋ ನಿಲ್ಲಿಸಿ ಟಾರ್ಪಾಲು ತೆಗೆದು, ಕ್ಲೋರಿನ್ ಸೊನ್ನೆಗೆ ಇಳಿಯಲು ಬಿಟ್ಟಿದ್ದೆವು. ಇಲ್ಲವಾದರೆ ಹಳೆಯ ನೀರು ಹೋಗಿ ಸೇರುವ ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ, ಬ್ಯಾಕ್ಟೀರಿಯಾಗಳು ಸಾಯುತ್ತಿದ್ದವು. ಅರ್ಧ ಕೊಳದ ನೀರನ್ನು ನೆಲಮಾಳಿಗೆ ತೊಳೆಯಲು ಮತ್ತು ಶೌಚಾಲಯದ ಫ್ಲಶ್‌ಗೆ ನಾಲ್ಕು ದಿನಗಳಲ್ಲಿ ಬಳಸಿ, ಸಂಪಿನ ಮಳೆನೀರು ತುಂಬಲಾಯಿತು. ಪೂರ್ತಿ ಖಾಲಿ ಮಾಡಿಬಿಡೋಣ ಎಂಬ ಆತುರವನ್ನು ತಡೆದೆ: ಮಳೆಗಾಲದಲ್ಲಿ ನೆಲದ ನೀರು ಮೇಲೇರಿದಾಗ ಬರಿದಾದ ಕೊಳದ ತಳ ಬಿರಿಯಬಹುದು. ಸಯನ್ಯೂರಿಕ್ ಆಮ್ಲ 95ಕ್ಕೆ ಬಂತು. ಜೂನ್ ಕೊನೆಯ ವಾರ ಮತ್ತೊಮ್ಮೆ ಅರ್ಧ ಬದಲಿಸಿದ ಮೇಲೆ 50.

ಮಳೆನೀರು ತೀರ ಮೆದು. ಪಿಎಚ್ ಅನ್ನು ಹಿಡಿದು ನಿಲ್ಲಿಸುವ ಕ್ಷಾರತೆ 25 ಪಿಪಿಎಂಗೆ ಕುಸಿದು ಪಿಎಚ್ ನಿಲ್ಲದೆ ಹೊಯ್ದಾಡಿತು. ಹತ್ತು ಕಿಲೋ ಅಡುಗೆ ಸೋಡಾ ಎರಡು ಕಂತಿನಲ್ಲಿ ಹಾಕಿ ಕ್ಷಾರತೆಯನ್ನು 80ರ ಆಸುಪಾಸಿಗೆ ತಂದೆವು. ಜುಲೈ ಎರಡನೆಯ ವಾರ ಕೊಳ ತೆರೆಯಿತು. ಮುಕ್ತ ಕ್ಲೋರಿನ್ 4, ಪಿಎಚ್ 7.4, ಮುಕ್ತ ಮತ್ತು ಒಟ್ಟು ಕ್ಲೋರಿನ್ನಿನ ವ್ಯತ್ಯಾಸ 0.2ರೊಳಗೆ. ದಿನಕ್ಕೆ ಖರ್ಚು ಎರಡರಿಂದ ಎರಡೂವರೆ ಲೀಟರ್ ಹೈಪೋ, ಸಂಜೆ ಬಿಸಿಲು ಇಳಿದ ಮೇಲೆ. ರಾಸಾಯನಿಕದ ಖರ್ಚು ಮಾತ್ರೆಯ ಕಾಲಕ್ಕೆ ಹೋಲಿಸಿದರೆ ಹೆಚ್ಚು ಬದಲಾಗಲಿಲ್ಲ. ಹೆಚ್ಚಾದದ್ದು ಆಪರೇಟರಿನ ದಿನದ ಇಪ್ಪತ್ತು ನಿಮಿಷ. ಅದಕ್ಕೆ ಜನರೇಟರ್ ಕೆಲಸವನ್ನು ಬೇರೆಯವರಿಗೆ ವಹಿಸಬೇಕಾಯಿತು, ಸಂಘದಲ್ಲಿ ಅತಿ ಹೆಚ್ಚು ಜಗಳವಾದದ್ದೂ ಇದೇ ಒಂದು ವಿಷಯಕ್ಕೆ.

ಹೈಪೋ ಹಾಕಲು ಡೋಸಿಂಗ್ ಪಂಪ್ ಕೂರಿಸುವ ಪ್ರಸ್ತಾಪವೂ ಬಂತು. ಮಾರಾಟಗಾರರು ಆಸಿಡ್‌ಗೂ ಹೈಪೋಗೂ ಜೋಡಿ ಪಂಪ್ ತೋರಿಸಿದರು. ಮುಖ್ಯ ಪಂಪ್ ನಿಂತಾಗ ಆ ಜೋಡಿ ನಿಲ್ಲದೇ ಹೋದರೆ ಎರಡೂ ಪೈಪಿನೊಳಗೇ ಸೇರಿ, ಮತ್ತೆ ನೀರು ಹರಿದಾಗ ಅನಿಲ ಈಜುವವರ ಮಧ್ಯೆ ಏಳುತ್ತದೆ. ನೀರಿನ ಹರಿವು ನಿಂತೊಡನೆ ಡೋಸಿಂಗ್ ಕಡಿಯುವ ಸ್ವಿಚ್ ಇರದ ಕಾರಣ ಅದನ್ನು ತಿರಸ್ಕರಿಸಿದೆವು. ಹೈಪೋಗೆ ಮಾತ್ರ, ಅಂಥ ಸ್ವಿಚ್ ಇರುವ ಒಂಟಿ ಪಂಪ್ ಕೊಳ್ಳಲು ಸಮಿತಿ ಒಪ್ಪಿದೆ. ಆಸಿಡ್ ಕೈಯಿಂದಲೇ ಹಾಕುವುದು. ಪಂಜರದ ಬೀಗದ ಕೈ ಆ ವಯಸ್ಸಾದ ಗಾರ್ಡ್ ಬಳಿ ಇರುತ್ತದೆ.